ಹೂ ಹಾಕುವ ಮೊದಲು

"ಇದೂ ಹಳದಿ," ಎಂದರು ಪ್ಯಾಟ್ರಿಕ್.

ಯೋಗೀಶ್ ಐದನೆಯ ಮಾನಿಟರಿನಿಂದ ಕೇಬಲ್ ಕಳಚಿದ. ಉಡುಪಿಯ ಆ ಕಂಪ್ಯೂಟರ್ ಅಂಗಡಿಯಲ್ಲಿ ಅವನು ಕೆಲಸಕ್ಕೆ ಸೇರಿ ಎಂಟು ವರ್ಷ. ಗೇಮ್ ಆಡುವ ಮಣಿಪಾಲದ ಹುಡುಗರಿಂದ ಹಿಡಿದು ಹಾಲಿನ ಸೊಸೈಟಿಯ ಕಾರ್ಯದರ್ಶಿಗಳವರೆಗೆ ಎಲ್ಲ ನಮೂನೆಯ ಗಿರಾಕಿಗಳನ್ನು ಸುಧಾರಿಸಿದವನು. ಆದರೆ ತನ್ನ ಕಂಪ್ಯೂಟರನ್ನೇ ಬಟ್ಟೆಚೀಲದಲ್ಲಿ ಹಾಕಿಕೊಂಡು ಬಂದು, ಅದರೊಳಗಿನ ಒಂದೇ ಒಂದು ಚಿತ್ರವನ್ನು ಎಲ್ಲ ಮಾನಿಟರುಗಳಲ್ಲಿ ತೋರಿಸು ಎಂದು ಹಟ ಹಿಡಿದವರನ್ನು ಅವನು ಕಂಡಿರಲಿಲ್ಲ. ಕಂಪ್ಯೂಟರ್ ದೊಡ್ಡದೇನಲ್ಲ, ಮಕ್ಕಳ ಬುತ್ತಿ ಡಬ್ಬಿಯಷ್ಟಿನದು. ಕಾಪುವಿನ ಉಪ್ಪುಗಾಳಿಗೆ ಹಳೆಯ ಕಂಪ್ಯೂಟರ್ ತುಕ್ಕು ಹಿಡಿದು ಸತ್ತಾಗ ಮಗಳು ಶಾರ್ಲೆಟ್ ತಂದುಕೊಟ್ಟದ್ದು. ಮಾನಿಟರ್ ಹಳೆಯದೇ ಸಾಕು ಎಂದು ಆಗ ಪ್ಯಾಟ್ರಿಕ್ ಹೇಳಿದ್ದರು. ಆ ಮಾತಿಗೆ ಈಗ ದಂಡ ತೆರುತ್ತಿದ್ದೇನೆ ಎಂಬುದು ಅವರ ನಂಬಿಕೆ.

"ಸರ್, ಇದು ಫ್ಯಾಕ್ಟರಿಯಲ್ಲೇ ಬಣ್ಣ ಅಳೆದು ಕಳಿಸುವಂಥದ್ದು. ಫೋಟೋದವರು ಇದನ್ನೇ ತೆಗೆದುಕೊಂಡು ಹೋಗುವುದು."

"ನಾನೂ ಫೋಟೋದವನೇ ಮಾರಾಯ. ಮೂವತ್ತೈದು ವರ್ಷ ಆಯಿತು."

ಆರನೆಯ ಮಾನಿಟರಿನಲ್ಲಿ ಮತ್ತೆ ಅದೇ ಮುಖ ಮೂಡಿತು. ಐವತ್ತೆಂಟರ ಗಂಡಸು, ಅರ್ಧ ನರೆತ ಮೀಸೆ, ಬಿಸಿಲಿಗೆ ಕಿರಿದಾದ ಕಣ್ಣು, ಮೈಮೇಲೆ ಬಿಳಿ ಅಂಗಿ. ಕಾಪುವಿನ ಚೆನ್ನಪ್ಪ. ಅಂಗಿ ಅವನದ್ದಲ್ಲ, ಪ್ಯಾಟ್ರಿಕ್ ತೊಡಿಸಿದ್ದು. ಪಕ್ಕದಲ್ಲಿ ನಿಂತಿದ್ದ ಶಾರ್ಲೆಟ್ ಒಮ್ಮೆ ಪರದೆಯನ್ನೂ ಒಮ್ಮೆ ಅಪ್ಪನನ್ನೂ ನೋಡಿ ಕಣ್ಣು ತಗ್ಗಿಸಿದಳು. ಕಾರ್ಕಳದಲ್ಲಿ ಬ್ಯಾಂಕಿನ ಕೆಲಸ ಅವಳಿಗೆ. ಗಂಡನ ಮನೆಯೂ ಅಲ್ಲೇ. ಇವತ್ತು ಎರಡನೆಯ ಶನಿವಾರದ ರಜೆಯೆಂದು ಅಪ್ಪನನ್ನು ಕಾರಿನಲ್ಲಿ ಕರೆತಂದಿದ್ದಳು.

ಕಾಪು ಪೇಟೆಯ ಪ್ಯಾಟ್ರಿಕ್ ಸ್ಟುಡಿಯೋಗೆ ಈಗ ಮದುವೆಯವರು ಬರುವುದಿಲ್ಲ. ಡ್ರೋನ್ ಹಾರಿಸುವ ಹುಡುಗರು ಬಂದ ಮೇಲೆ ಅವರೆಲ್ಲ ಆ ಕಡೆ ಹೋದರು. ಪಾಸ್‌ಪೋರ್ಟ್ ಫೋಟೋದವರನ್ನು ಮೊಬೈಲ್ ಕಸಿದುಕೊಂಡಿತು. ಬದುಕಿದ್ದವರು ಬಿಟ್ಟುಹೋದರೂ ಸತ್ತವರು ಪ್ಯಾಟ್ರಿಕರನ್ನು ಬಿಡಲಿಲ್ಲ. ಯಾರದೋ ಗುಂಪು ಫೋಟೋದ ಮೂಲೆಯಲ್ಲಿ ಅರ್ಧ ಮರೆಯಾಗಿ ನಿಂತವರ ಮುಖವನ್ನು ಕತ್ತರಿಸಿ ತೆಗೆದು, ಮಾಸಿದ ಬಣ್ಣಕ್ಕೆ ಜೀವ ಕೊಟ್ಟು, ಹೆಗಲ ಮೇಲಿರುವ ಯಾರದೋ ಕೈಯನ್ನು ಅಳಿಸಿ, ಬಿಳಿ ಅಂಗಿ ತೊಡಿಸಿ, ಹಿಂದೆ ಬೂದು ಬಣ್ಣದ ತೆರೆ ಎಳೆದು ಅವರು ಕೊಡುವ ಫೋಟೋ ಬೊಜ್ಜದ ದಿನ ದೀಪದ ಹಿಂದೆ ಕುಳಿತುಕೊಳ್ಳುತ್ತದೆ. ಉತ್ತರಕ್ರಿಯೆಗೆ ಬಂದವರೆಲ್ಲ ಅದಕ್ಕೆ ಕೈಮುಗಿದು ಊಟಕ್ಕೆ ಹೋಗುತ್ತಾರೆ. ಕಡಲಿಗೆ ಹೋಗುವವರ ಮೈಬಣ್ಣ ಹಿಡಿಯುವುದರಲ್ಲಿ ಪ್ಯಾಟ್ರಿಕರಿಗೆ ಸಮನಿಲ್ಲ ಎಂಬ ಮಾತಿತ್ತು. ಬೇರೆಯವರು ಬರೇ ಕಂದು ಬಳಿಯುತ್ತಾರೆ, ಆ ಕಂದಿನ ಒಳಗೆ ಬಿಸಿಲು ಉಂಟು ಎಂಬುದು ಅವರಿಗೆ ಗೊತ್ತಿಲ್ಲ ಎಂದು ಪ್ಯಾಟ್ರಿಕ್ ತಾವೂ ಹೇಳಿಕೊಳ್ಳುತ್ತಿದ್ದರು. ಅಷ್ಟು ಹೆಮ್ಮೆ ಇರಬೇಕಾದ್ದೇ.

ಈ ಕೆಲಸಕ್ಕೆ ಒಂದು ರೀತಿಯುಂಟು. ಒಮ್ಮೆ ಹೂ ಹಾಕಿದ ಮೇಲೆ ಆ ಫೋಟೋ ಅಂಗಡಿಗೆ ವಾಪಸು ಬರುವುದಿಲ್ಲ. ಹೂ ಬಿದ್ದ ಮೇಲೆ ಅದು ಫೋಟೋ ಅಲ್ಲ, ಮನೆಯ ಹಿರಿಯರು. ಅವರ ಮೂಗು ಸರಿಯಿಲ್ಲ, ಬಣ್ಣ ಸರಿಯಿಲ್ಲ ಎಂದು ಯಾರೂ ಬಾಯಿಬಿಡುವುದಿಲ್ಲ. ಹಾಗಾಗಿ ಪ್ಯಾಟ್ರಿಕರ ಕಿವಿಗೆ ಇಷ್ಟು ವರ್ಷ ಒಂದು ದೂರೂ ಬಿದ್ದಿರಲಿಲ್ಲ. ಆ ಮೌನವನ್ನು ಅವರು ಮೆಚ್ಚುಗೆ ಎಂದೇ ತಿಳಿದಿದ್ದರು.

ಮೊನ್ನೆ ಗುರುವಾರ ಚೆನ್ನಪ್ಪನ ಮಗಳು ಹರಿಣಾಕ್ಷಿ ಫೋಟೋವನ್ನು ಪೇಪರಿನಲ್ಲಿ ಸುತ್ತಿಕೊಂಡು ಸ್ಟುಡಿಯೋಗೆ ಬಂದಳು. ಮೆಟ್ಟಿಲಿನ ಬಳಿಯೇ ನಿಂತಳು.

"ಪೊರ್ಬುಲೆ, ತಪ್ಪು ತಿಳಿಯಬಾರದು. ಹೂ ಹಾಕಿಲ್ಲ ಇನ್ನೂ."

ಊರಿನ ಕ್ರಿಶ್ಚಿಯನ್ ಹಿರಿಯರನ್ನು ಮೀನುಗಾರರ ಮನೆಯವರು ಹಾಗೆಯೇ ಕರೆಯುವುದು. ಹರಿಣಾಕ್ಷಿಯ ಮದುವೆಯ ಆಲ್ಬಮ್ ಮಾಡಿದವರೂ ಪ್ಯಾಟ್ರಿಕರೇ.

"ಒಳಗೆ ಬಾ. ಎಂತ ಆಯಿತು?"

"ಬಣ್ಣ ಸ್ವಲ್ಪ ನೀಲಿ ಉಂಟು."

ಪ್ಯಾಟ್ರಿಕ್ ಫೋಟೋವನ್ನು ಬಿಸಿಲಿಗೆ ಹಿಡಿದರು, ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಅವರ ಕಣ್ಣಿಗೆ ಅದು ಸರಿಯಾಗಿಯೇ ಇತ್ತು. ಅದನ್ನೇ ಹೇಳಬೇಕೆಂದು ತಲೆಯೆತ್ತುವಷ್ಟರಲ್ಲಿ ಹುಡುಗಿಯೇ ಮಾತು ಮುಂದುವರಿಸಿದಳು.

"ಅಪ್ಪನನ್ನು ಮೂರನೆಯ ದಿನ ದಡಕ್ಕೆ ತಂದು ಮಲಗಿಸಿದಾಗ ಮುಖ ಹೀಗೇ ಇತ್ತು, ಪೊರ್ಬುಲೆ. ಫೋಟೋ ನೋಡಿ ಒಳಗೆ ಹೋದ ಅಮ್ಮ ಆಮೇಲೆ ಚಾವಡಿಗೆ ಬಂದಿಲ್ಲ. ನಮಗೆ ಅವರ ಮೊದಲಿನ ಮುಖ ಬೇಕು. ಸೋಮವಾರ ಬೊಜ್ಜ."

ದೋಣಿ ಮಗುಚಿದ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಪ್ಯಾಟ್ರಿಕ್ ಫೋಟೋವನ್ನು ಇಟ್ಟುಕೊಂಡು, ಶನಿವಾರ ಸಂಜೆ ಬಾ ಎಂದರು. ಅವಳು ಹೋದ ಮೇಲೆ ಪಕ್ಕದ ಟೈಲರ್ ಜೋಯಲ್‌ನನ್ನು ಕರೆದು ಫೋಟೋ ತೋರಿಸಿದರು. ಅವನು ಬಾಯಿಯಲ್ಲಿದ್ದ ದಾರ ತೆಗೆದು, "ಸ್ವಲ್ಪ ಉಂಟು ಪ್ಯಾಟ್ರಿಕ್‌ಬಾಬ್," ಎಂದು ಬೇರೆ ಕಡೆ ನೋಡಿದ. ಆ ರಾತ್ರಿ ಪ್ಯಾಟ್ರಿಕರಿಗೆ ಅನ್ನ ಇಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಅವರಿಗೊಂದು ಕಾರಣ ಹೊಳೆದಿತ್ತು. ಹಳೆಯ ಮಾನಿಟರಿನಲ್ಲಿ ಬಿಳಿ ಪುಟವೇ ಹಳದಿ ಕಾಣುತ್ತದೆ. ವರ್ಷಗಟ್ಟಲೆ ಅದನ್ನೇ ನೋಡಿ ನೋಡಿ ಕಣ್ಣಿಗೆ ತಪ್ಪು ಅಭ್ಯಾಸವಾಗಿದೆ. ಮಾನಿಟರ್ ಬದಲಾಯಿಸಿದರೆ ಎಲ್ಲ ಸರಿಯಾಗುತ್ತದೆ. ಮನುಷ್ಯನಿಗೆ ಕಾರಣ ಬೇಕೆಂದರೆ ಸಿಕ್ಕೇ ಸಿಗುತ್ತದೆ.

ಈಗ ಆರನೆಯದೂ ಹಳದಿ.

"ಯೋಗೀಶ್, ಒಂದು ಕೆಲಸ ಮಾಡು. ಚಿತ್ರ ಬೇಡ. ಎಲ್ಲದರಲ್ಲೂ ಬರೇ ಬಿಳಿ ಹಾಕು. ಬಿಳಿಯಲ್ಲಿ ಸುಳ್ಳು ಹೇಳಲಿಕ್ಕೆ ಆಗುವುದಿಲ್ಲ."

ಗೋಡೆಗೆ ಸಾಲಾಗಿ ಇಟ್ಟಿದ್ದ ಏಳು ಮಾನಿಟರುಗಳಿಗೂ ಒಟ್ಟಿಗೆ ಚಿತ್ರ ಕಳಿಸುವ ವ್ಯವಸ್ಥೆ ಅಂಗಡಿಯಲ್ಲಿತ್ತು. ಯೋಗೀಶ್ ಏನೋ ಒತ್ತಿದ. ಏಳೂ ಒಮ್ಮೆಲೇ ಬೆಳಗಿದವು. ಪ್ಯಾಟ್ರಿಕ್ ಕೈ ಹಿಂದೆ ಕಟ್ಟಿಕೊಂಡು ಆ ತುದಿಯಿಂದ ಈ ತುದಿಗೆ ನಡೆದರು, ಮತ್ತೆ ವಾಪಸು ಬಂದರು. ಚಿಕ್ಕದು, ದೊಡ್ಡದು, ಬಾಗಿದ್ದು, ಗೇಮಿನವರದ್ದು, ಫೋಟೋದವರದ್ದು. ಏಳೂ ಒಂದೇ ಸಮ, ಕುಚ್ಚಲಕ್ಕಿಯ ಗಂಜಿ ತಿಳಿಯ ಹಾಗೆ.

"ಒಂದೂ ಬಿಳಿ ಇಲ್ಲ ಅಲ್ವಾ?"

ಯೋಗೀಶನಿಗೆ ತಾಳ್ಮೆ ಮುಗಿಯುತ್ತ ಬಂದಿತ್ತು. ಆದರೂ ಹಿರಿಯರೆಂದು ಸಮಾಧಾನದಿಂದಲೇ ಹೇಳಿದ. "ಎಂತ ಸರ್ ನೀವು? ನಿಮ್ಮ ಅಂಗಿಯಷ್ಟೇ ಬಿಳಿ ಉಂಟಲ್ಲ."

ಪ್ಯಾಟ್ರಿಕ್ ತಗ್ಗಿ ತಮ್ಮ ಅಂಗಿಯನ್ನು ನೋಡಿಕೊಂಡರು.

ಭಾನುವಾರದ ಪೂಜೆಗೆ ಇಗರ್ಜಿಗೆ ಹೋಗುವ ಅಂಗಿ ಅದು. ಬೋರ್‌ವೆಲ್ಲಿನ ನೀರಿಗೆ ಹಳದಿಯಾಗಿದೆ ಎಂದು ಎರಡು ವರ್ಷದಿಂದ ಕೆಲಸದ ಜೆಸ್ಸಿಯ ಮೇಲೆ ರೇಗುತ್ತಿದ್ದರು. ಸೋಪು ಬದಲಾಯಿಸಿದ್ದಾಯಿತು, ನೀಲಿ ಹಾಕಿಸಿದ್ದಾಯಿತು, ಕಡೆಗೆ ಬಾವಿಯ ನೀರು ಸೇದಿಸಿದ್ದೂ ಆಯಿತು. ಅವರಿಗೆ ಇನ್ನೊಂದು ನೆನಪಾಯಿತು. ಕಾರ್ಕಳದಲ್ಲಿ ಮಗಳ ಮನೆಯ ಗೋಡೆಯ ಮೇಲೆ ಝೀಟಾಳ ಫೋಟೋ ಉಂಟು. ಅವರ ಹೆಂಡತಿ, ಎರಡು ವರ್ಷದ ಹಿಂದೆ ತೀರಿಕೊಂಡವಳು. ಕಾಪುವಿನ ಮನೆಯಲ್ಲಿ ಸರಿಯಾಗಿ ಕಾಣುವ ಝೀಟಾ ಆ ಮನೆಯಲ್ಲಿ ಮಾತ್ರ ಅರಸಿನ ಬಳಿದ ಹಾಗೆ ಕಾಣುತ್ತಾಳೆ. ಕಿಟಕಿಯ ಬಿಸಿಲು ಬಿದ್ದು ಹಾಗಾಗಿದೆ, ಜಾಗ ಬದಲಾಯಿಸು ಎಂದು ಎಷ್ಟೋ ಸಲ ಹೇಳಿದ್ದರು. ನೀರಿನ ತಪ್ಪು, ಬಿಸಿಲಿನ ತಪ್ಪು, ಮಾನಿಟರಿನ ತಪ್ಪು.

"ಶಾರ್ಲೆಟ್, ಇದು ಬಿಳಿಯಾ?"

"ಬಿಳಿ, ಪಪ್ಪಾ."

"ಅಂಗಿ?"

ಅವಳು ಅದಕ್ಕೂ ಹೌದೆಂದು ತಲೆ ಆಡಿಸಿದಳು. ಪ್ಯಾಟ್ರಿಕ್ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತರು. ಅವರನ್ನು ಕೂರಿಸಿದ್ದು ಕಣ್ಣು ಕಳೆದುಕೊಳ್ಳುವ ಭಯ ಅಲ್ಲ, ನಾಚಿಕೆ. ಬರಿಯ ನಾಚಿಕೆ. ತಮ್ಮ ಕಣ್ಣಿಗೆ ಹಳದಿ ಕಂಡದ್ದಕ್ಕೆಲ್ಲ ನೀಲಿ ಸೇರಿಸಿ ಎರಡು ವರ್ಷದಲ್ಲಿ ತಾವು ಮಾಡಿ ಕೊಟ್ಟ ಮುಖಗಳೆಲ್ಲ ಕಾಪುವಿನ, ಎಲ್ಲೂರಿನ, ಪಡುಬಿದ್ರಿಯ ಗೋಡೆಗಳ ಮೇಲೆ ಹೂ ಹಾಕಿಸಿಕೊಂಡು ನೀಲಿಗಟ್ಟಿ ಕುಳಿತದ್ದು ಅವರಿಗೆ ಕಾಣತೊಡಗಿತು.

ಯೋಗೀಶ್ ಏನೋ ತಪ್ಪು ಮಾಡಿದವನ ಹಾಗೆ ನೀರು ತಂದಿಟ್ಟ. ಶಾರ್ಲೆಟ್ ಕೇಳಿದಳು. "ಹೋಗುವನಾ ಪಪ್ಪಾ? ಮಾನಿಟರ್ ಇನ್ನೊಮ್ಮೆ ನೋಡಿದರಾಯಿತು."

"ಬೇಡ. ಸೋಮವಾರ ಚೆನ್ನಪ್ಪಣ್ಣನ ಬೊಜ್ಜ. ನನಗೆ ಕಾಣದಿದ್ದರೂ ಅವನ ಮಗಳಿಗೆ ಸರಿಯಾಗಿ ಕಾಣಬೇಕಲ್ಲ. ನೀನು ಆರಿಸು."

ಸ್ಟುಡಿಯೋಗೆ ಒಂದು ಸ್ಟ್ಯಾಂಡು, ಒಂದು ಬಲ್ಬು ಸಹ ಇನ್ನೊಬ್ಬರ ಕೈಯಿಂದ ಆರಿಸಿ ತಂದವರಲ್ಲ ಅವರು. ಶಾರ್ಲೆಟ್ ಬಹಳ ಹೊತ್ತು ನೋಡಿ ಇಪ್ಪತ್ನಾಲ್ಕು ಇಂಚಿನ, ಹೊಳಪಿಲ್ಲದ ಗಾಜಿನ, ಫೋಟೋದವರು ಒಯ್ಯುವಂಥದ್ದು ಎಂದು ಯೋಗೀಶ್ ಹೇಳಿದ್ದನ್ನೇ ಬೆರಳಿಟ್ಟು ತೋರಿಸಿದಳು. ಅವನು ಮಾನಿಟರಿನ ಬೆನ್ನಿಗೆ ತಗಡಿನ ತಟ್ಟೆಯೊಂದನ್ನು ಕೂರಿಸಿ, ನಾಲ್ಕು ಸ್ಕ್ರೂ ಹಾಕಿ, ಪುಟ್ಟ ಕಂಪ್ಯೂಟರನ್ನು ಅಲ್ಲೇ ಬಿಗಿದುಕೊಟ್ಟ. "ಇನ್ನು ಮೇಜಿನ ಮೇಲೆ ಜಾಗವೇ ಬೇಡ ಸರ್," ಎಂದ. ಪ್ಯಾಟ್ರಿಕ್ ಹೂಂಗುಟ್ಟಿದರು.

ಕಾರು ಉದ್ಯಾವರದ ಸೇತುವೆ ದಾಟಿದ ಮೇಲೆ ಪ್ಯಾಟ್ರಿಕ್ ಕೇಳಿದರು.

"ಕಾರ್ಕಳದಲ್ಲಿರುವ ಮಮ್ಮಿಯ ಫೋಟೋ ನಾನು ಮಾಡಿದ್ದಲ್ಲ ಅಲ್ವಾ?"

ಶಾರ್ಲೆಟ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಅಲ್ಲ ಪಪ್ಪಾ. ನನ್ನ ಮೊಬೈಲಿನಲ್ಲಿದ್ದ ಅದೇ ಚಿತ್ರ. ಹಳದಿ ಬಂದಿದೆ ಅಂತ ನೀವು ಸರಿ ಮಾಡಿ ಕಾಪುವಿನ ಮನೆಯ ಗೋಡೆಗೆ ಹಾಕಿದಿರಿ. ನನಗೆ ಅದನ್ನು ನೋಡಲಿಕ್ಕೆ ಆಗಲಿಲ್ಲ. ಐಸಿಯುನಲ್ಲಿ ಕಡೆಗೆ ನೋಡಿದ ಮುಖವೇ ಎದುರು ಬರುತ್ತಿತ್ತು. ಕಾರ್ಕಳದಲ್ಲಿ ಬೇರೆ ಮಾಡಿಸಿದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳುವುದು? ನಲ್ವತ್ತು ದಿನ ನೀವು ಅದರ ಎದುರೇ ಕೂತಿದ್ದಿರಿ. ಅದರ ಹತ್ತಿರ ಮಾತಾಡುತ್ತಿದ್ದಿರಿ. ಕಣ್ಣಿಗೆ ಪೊರೆ ಬಂದರೆ ಹೀಗಾಗುತ್ತದೆ ಅಂತ ನಮ್ಮ ಬ್ಯಾಂಕಿಗೆ ಬರುವ ಡಾಕ್ಟರು ಹೇಳಿದ್ದರು. ತೋರಿಸುವ ಅಂದರೆ ಫೋಟೋದ ವಿಷಯ ಬರುತ್ತದೆ ಅಂತ ನಾಳೆ, ನಾಡಿದ್ದು ಅಂತ ಮುಂದೆ ಹಾಕಿದೆ."

"ನೀನು ಅವತ್ತೇ ಹೇಳಿದ್ದರೆ ಆ ಹುಡುಗಿಗೆ ಅಪ್ಪನ ಆ ಮುಖವನ್ನು ಎರಡನೆಯ ಸಲ ನೋಡುವ ಗತಿ ಬರುತ್ತಿರಲಿಲ್ಲ."

ಹೇಳಿದ ಮೇಲೆ ಪ್ಯಾಟ್ರಿಕರಿಗೇ ಸಂಕಟವಾಯಿತು. ಕಟಪಾಡಿಯ ಹತ್ತಿರ ಸಿಗ್ನಲಿನಲ್ಲಿ ನಿಂತಾಗ ಸ್ವರ ಇಳಿಸಿ ಕೇಳಿದರು. "ಆ ಕಾರ್ಕಳದವನು ಕೆಲಸ ಚಂದ ಮಾಡಿದ್ದಾನಾ?"

"ಕೂದಲಿನ ಅಂಚು ಸರಿ ಕತ್ತರಿಸಿಲ್ಲ," ಎಂದಳು ಶಾರ್ಲೆಟ್, ಮೂಗು ಒರೆಸಿಕೊಳ್ಳುತ್ತ.

"ಹ್ಞಾಂ. ಅದು ನಾನೂ ನೋಡಿದ್ದೆ."

ಅವತ್ತೇ ನಾಲ್ಕು ಗಂಟೆಗೆ ಹರಿಣಾಕ್ಷಿ ಸ್ಟುಡಿಯೋಗೆ ಬಂದಳು. ಪ್ಯಾಟ್ರಿಕ್ ಅವಳನ್ನು ತಮ್ಮ ಕುರ್ಚಿಯ ಪಕ್ಕದಲ್ಲೇ ಕೂರಿಸಿಕೊಂಡರು. ಹೊಸ ಮಾನಿಟರಿನಲ್ಲಿ ಚೆನ್ನಪ್ಪನನ್ನು ಕಂಡು ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನೋಡು ಮಗಾ, ಮಾನಿಟರಿನ ತಪ್ಪು ಅಂತ ನಾನು ತಿಳಿದದ್ದು. ಅಲ್ಲ. ನನ್ನ ಕಣ್ಣಿನ ತಪ್ಪು. ನನಗೆ ಬಣ್ಣ ಕಾಣುವುದಿಲ್ಲ ಸರಿಯಾಗಿ. ಕೈ ನನ್ನದು, ಕಣ್ಣು ನಿನ್ನದು. ಎಲ್ಲಿ ನಿಲ್ಲಿಸಬೇಕು ಅಂತ ನೀನೇ ಹೇಳು."

ಇಷ್ಟು ಹೇಳಲಿಕ್ಕೆ ಪ್ಯಾಟ್ರಿಕ್ ಮಧ್ಯಾಹ್ನವಿಡೀ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಹರಿಣಾಕ್ಷಿ ಅವರ ಮುಖವನ್ನೊಮ್ಮೆ ನೋಡಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

ಪರದೆಯ ಮೂಲೆಯಲ್ಲಿ ಒಂದು ಪಟ್ಟಿ. ಅದರ ಒಂದು ತುದಿ ಹಳದಿ, ಇನ್ನೊಂದು ತುದಿ ನೀಲಿ. ಪ್ಯಾಟ್ರಿಕ್ ಮೌಸ್ ಹಿಡಿದು ಹಳದಿಯ ಕಡೆಗೆ ಒಂದು ಕೂದಲೆಳೆ ಸರಿಸಿದರು.

"ಇನ್ನೂ," ಎಂದಳು ಅವಳು. "ಇನ್ನೂ ಸ್ವಲ್ಪ. ಅಪ್ಪ ಬಿಸಿಲಿನಲ್ಲೇ ಇದ್ದವರಲ್ವಾ."

ಅವರ ಕಣ್ಣಿಗೆ ಚೆನ್ನಪ್ಪ ಈಗಾಗಲೇ ಕಾಮಾಲೆಯಾದವನ ಹಾಗೆ ಕಾಣುತ್ತಿದ್ದ. ಇಷ್ಟು ವರ್ಷ ಕಲಿತ ಕೈ ಸಾಕು ಸಾಕು ಎನ್ನುತ್ತಿತ್ತು. ಆದರೂ ಸರಿಸಿದರು. ಕೆಂಪಿನ ಪಟ್ಟಿಯನ್ನೂ ಮುಟ್ಟಿದರು. ಅವಳು ಬೇಡವೆಂದಾಗ ಹಿಂದೆ ತಂದರು. ಕೆನ್ನೆಗೆ ಬೇರೆ, ಹಣೆಗೆ ಬೇರೆ, ಅಂಗಿಗೆ ಬೇರೆ. ಕೆನ್ನೆಯ ಎಲುಬಿನ ಮೇಲೆ ಕಡಲಿನವರಿಗೆ ಬರುವ ಮಚ್ಚೆಬಣ್ಣ ಎಷ್ಟು ಗಾಢವಿತ್ತು ಎಂದು ಅವಳನ್ನು ಕೇಳಿ ಕೇಳಿ ತುಂಬಿದರು. ಮುಕ್ಕಾಲು ಗಂಟೆ ಹೀಗೆ ಹೋಯಿತು. ಹಿಂದೆ ನಿಂತಿದ್ದ ಶಾರ್ಲೆಟ್ ಚಹಾ ತಂದಿಟ್ಟದ್ದು ಕೆನೆಗಟ್ಟಿತು.

"ಸಾಕು," ಎಂದಳು ಹರಿಣಾಕ್ಷಿ. ದನಿ ಬಹಳ ಸಣ್ಣಗಿತ್ತು. "ಸಾಕು, ಪೊರ್ಬುಲೆ. ಕಡಲಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೀಗೇ ನೋಡುತ್ತಿದ್ದರು."

ಪ್ಯಾಟ್ರಿಕ್ ಮೌಸಿನಿಂದ ಕೈ ತೆಗೆದರು. ಎದುರಿಗಿದ್ದದ್ದು ಅವರ ಕಣ್ಣಿಗೆ ಕೆಟ್ಟ ಕೆಲಸ. ಆದರೆ ಅವರು ನೋಡಿದ್ದು ಪರದೆಯನ್ನಲ್ಲ, ಅವಳ ಮುಖವನ್ನು. ಅದನ್ನು ನೋಡಿ ಪ್ರಿಂಟ್ ಕೊಟ್ಟರು.

ಫೋಟೋಗೆ ಚೌಕಟ್ಟು ಹಾಕಿ ಪೇಪರಿನಲ್ಲಿ ಸುತ್ತಿ ಕೊಟ್ಟಾಗ ಹರಿಣಾಕ್ಷಿ ಹೊರಟವಳು ಬಾಗಿಲ ಬಳಿ ತಿರುಗಿದಳು. "ಎಲ್ಲೂರಿನ ನನ್ನ ದೊಡ್ಡಮ್ಮನ ಫೋಟೋವೂ ಇಲ್ಲೇ ಮಾಡಿಸಿದ್ದು, ಹೋದ ವರ್ಷ," ಎಂದು ಶುರು ಮಾಡಿ ಸುಮ್ಮನಾದಳು. ಮತ್ತೆ, "ಇರಲಿ. ಅದಕ್ಕೆ ಹೂ ಹಾಕಿ ಆಗಿದೆ," ಎಂದಳು.

"ಆಗಿದ್ದರೂ ತರಲಿಕ್ಕೆ ಹೇಳು. ಪ್ಯಾಟ್ರಿಕ್ ಹೇಳಿದ್ದು ಅಂತ ಹೇಳು."

ಅವಳು ರಸ್ತೆ ದಾಟುವವರೆಗೆ ನೋಡುತ್ತಿದ್ದು ಪ್ಯಾಟ್ರಿಕ್ ಒಳಗೆ ಬಂದರು. ಶಾರ್ಲೆಟ್ ತಣಿದ ಚಹಾದ ಲೋಟಗಳನ್ನು ಎತ್ತುತ್ತಿದ್ದಳು. "ಮಂಗಳವಾರ ಮಣಿಪಾಲದಲ್ಲಿ ಕಣ್ಣು ತೋರಿಸುವ ಪಪ್ಪಾ. ನಾನು ರಜೆ ಹಾಕುತ್ತೇನೆ," ಎಂದಳು.

"ಆಗಲಿ. ಈಗ ಮನೆಗೆ ಹೋಗಿ ಮಮ್ಮಿಯ ಫೋಟೋ ತೆಗೆದುಕೊಂಡು ಬಾ."

"ಹೂ ಹಾಕಿದ್ದಲ್ವಾ?"

"ತೆಗೆದು ತಾ."

ಮನೆ ಹಿಂದಿನ ಓಣಿಯಲ್ಲೇ. ಅವಳು ಹತ್ತು ನಿಮಿಷದಲ್ಲಿ ಚೌಕಟ್ಟನ್ನು ಎದೆಗೆ ಅವಚಿಕೊಂಡು ಬಂದಳು. ಅದಕ್ಕೆ ಹಾಕಿದ್ದ ಹೂವೂ ಜಪಮಾಲೆಯೂ ಅವಳ ಮುಷ್ಟಿಯಲ್ಲಿದ್ದವು. ಅಷ್ಟರಲ್ಲಿ ಪ್ಯಾಟ್ರಿಕ್ ಹೊಸ ಪರದೆಯ ಮೇಲೆ ಝೀಟಾಳನ್ನು ತೆರೆದು ಕುಳಿತಿದ್ದರು. ಅವರಿಗೆ ಅವಳು ಎಂದಿನ ಹಾಗೇ ಇದ್ದಳು. ಗೋಧಿ ಬಣ್ಣ, ನಗುವ ಮೊದಲು ಸ್ವಲ್ಪ ಓರೆಯಾಗುವ ಬಾಯಿ, ಶಾರ್ಲೆಟ್‌ಳ ಮದುವೆಗೆ ತೆಗೆದ ಸೀರೆ. ಎರಡು ವರ್ಷ ಪ್ರತಿ ದಿನ ಬೆಳಿಗ್ಗೆ ಮಾತಾಡಿಸಿದ ಮುಖ.

"ಹೇಳು," ಎಂದರು.

ಶಾರ್ಲೆಟ್ ಅವರ ಹೆಗಲ ಮೇಲೆ ಕೈಯಿಟ್ಟು ನಿಂತಳು. ಮೌಸಿನ ಬಾಣ ಹಳದಿಯ ಕಡೆಗೆ ಸರಿಯಿತು. ಅವಳು ಸಾಕು ಎನ್ನಲಿಲ್ಲ. ಇನ್ನೂ ಸರಿಯಿತು. ಅವರ ಕಣ್ಣೆದುರೇ ಝೀಟಾ ಮೆಲ್ಲಗೆ ಹಳದಿಯಾಗುತ್ತ, ಕಾರ್ಕಳದ ಗೋಡೆಯ ಮೇಲಿನ ಆ ಅಪರಿಚಿತಳಾಗುತ್ತ ಹೋದಳು. ಅವರ ಬೆರಳು ಒಮ್ಮೆ ತಡೆಯಿತು. ಹೆಗಲ ಮೇಲಿನ ಕೈ ಬಿಗಿಯಾಯಿತು.

"ಇನ್ನು ಸ್ವಲ್ಪ ಪಪ್ಪಾ... ಸಾಕು."

"ಇವಳೇನಾ?"

"ಇವಳೇ."

ಮಗಳ ಕಣ್ಣೀರು ಅವರ ಅಂಗಿಯ ಮೇಲೆ ಬಿತ್ತು. ಪ್ಯಾಟ್ರಿಕ್ ಪ್ರಿಂಟ್ ಕೊಟ್ಟು, ಅದು ಒಣಗುವವರೆಗೆ ಕಾದರು. ಕೂದಲಿನ ಅಂಚನ್ನು ಭೂತಗನ್ನಡಿಯಲ್ಲಿ ಒಮ್ಮೆ ನೋಡಿ ತೃಪ್ತರಾದರು. ಆಮೇಲೆ ಚೌಕಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿ, ಹಿಂದಿನ ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಹಲಗೆಯನ್ನೂ ಹಳೆಯ ಫೋಟೋವನ್ನೂ ಎತ್ತಿದರು. ಗಾಜನ್ನು ಅಂಗಿಯ ತುದಿಯಿಂದ ಒರೆಸಿ ಹೊಸದನ್ನು ಅದಕ್ಕೆ ಮುಖಮಾಡಿ ಇಟ್ಟರು. ಹಳೆಯದನ್ನು ಶಾರ್ಲೆಟ್ ತೆಗೆದುಕೊಳ್ಳಲು ಕೈ ಚಾಚಿದಳು. ಅವರು ಕೊಡಲಿಲ್ಲ. ಹೊಸದರ ಬೆನ್ನ ಮೇಲೆ ಅದನ್ನು ಸರಿಯಾಗಿ ಕೂರಿಸಿ, ನಾಲ್ಕೂ ಮೂಲೆ ಹೊಂದಿವೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದರು.

"ಎರಡು ಹಿಡಿಯುವುದಿಲ್ಲ ಪಪ್ಪಾ," ಎಂದಳು ಶಾರ್ಲೆಟ್.

"ಹಿಡಿಯುತ್ತದೆ," ಎಂದರು ಪ್ಯಾಟ್ರಿಕ್. ಹಲಗೆ ಮುಚ್ಚಿ, ಮೊದಲಿನ ತೂತುಗಳಿಗೇ ಮೊಳೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತತೊಡಗಿದರು.